ಕಾಯಿ ಇಲ್ಲದ ಪದಾರ್ಥ

ಖಾಲಿ ಮೀನುಬುಟ್ಟಿಯನ್ನು ಜಗಲಿಗೆ ಇಳಿಸಲು ಬಗ್ಗಿದ ತುಂಗಾ ಹಾಗೇ ನಿಂತುಬಿಟ್ಟಳು. ಒಳಗೆ ಸೊಸೆ ಸುಪ್ರೀತಾ ಫೋನಿನಲ್ಲಿ ಗಂಡನ ಜೊತೆ ಮಾತಾಡುತ್ತಿದ್ದಳು. ಮಗ ಜಿತೇಂದ್ರನ ಬೋಟು ಗೋವಾದ ಬಂದರಿನ ದಕ್ಕೆಗೆ ಬಂದಿರಬೇಕು.

"ಅತ್ತಿಗ್ ಹೇಳ್ಬೇಡಿ ಕಾಣಿ. ಅವ್ರ್ ಹತ್ರ ಬಂದ್ರೆ ಮೀನ್ ವಾಸ್ನಿಗೆ ಹೊಟ್ಟಿ ತೊಳ್ಸತ್ತ್. ನಾನೂ ಮೀನ್ ಹಿಡುವರ ಮನಿ ಹೆಣ್ಣೇ ಅಲ್ದಾ? ಹೀಂಗ್ ಹೇಳುಕೆ ನಂಗೇ ನಾಚ್ಕಿ ಆತ್ತ್."

ತುಂಗಾಳಿಗೆ ಮೊದಲು ಬಂದದ್ದು ಸಿಟ್ಟು. ಮದುವೆಯಾಗಿ ಈ ಕೋಡಿ ಊರಿಗೆ ಬಂದಂದಿನಿಂದ ಹೊತ್ತ ಬುಟ್ಟಿ ಅದು. ಜಿತೇಂದ್ರ ಬೆಳೆದದ್ದೇ ಅದರಿಂದ. ಅದಕ್ಕೊಂದು ವಾಸನೆಯಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಅಷ್ಟರಲ್ಲಿ ಒಳಗಿಂದ ಬಿಕ್ಕುವ ಸದ್ದು ಕೇಳಿತು. ಬಸುರಿ ಹುಡುಗಿ ವಾರದಿಂದ ಗಂಜಿತಿಳಿಯ ಮೇಲೆಯೇ ಇದ್ದಾಳೆ. ಹೀಗೇ ಆದರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ತುಂಗಾ ಸದ್ದಿಲ್ಲದೆ ಬಾವಿಕಟ್ಟೆಯ ಕಡೆಗೆ ನಡೆದಳು.

ಮರುದಿನ ಅವಳು ಮಾರ್ಕೆಟಿಗೆ ಹೋಗಲಿಲ್ಲ. ಹುಣಸೆಹಣ್ಣು ತಿಕ್ಕಿ ಕೈ ತೊಳೆದು, ಬಿಸಿನೀರಲ್ಲಿ ತಲೆಗೆ ಮಿಂದು, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು ಸೊಸೆಯ ಕೋಣೆಯ ಬಾಗಿಲ ಹೊರಗೇ ನಿಂತಳು.

"ಅತ್ತಿ, ಇವತ್ತ್ ಹೋಯ್ಲ್ಯಾ?"

"ಸೊಂಟ ಹಿಡ್ಕಂಡಿತ್ತ್. ನಿಂಗ್ ಎಂತ ತಿನ್ಕ್ ಅಂತ ಆತ್ತ್, ಹೇಳ್."

ಸುಪ್ರೀತಾ ಚಾಪೆಯಲ್ಲೇ ಎದ್ದು ಕುಳಿತಳು. ಮದುವೆಗೆ ಮುಂಚೆ ಅವಳು ತ್ರಾಸಿ ಕಡಲತೀರದ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಅಡುಗೆಯವನು ಪಾಸ್ತಾಕ್ಕೆ ಟೊಮೆಟೊ ಸಾಸ್ ಮಾಡುತ್ತಿದ್ದನಂತೆ. "ಅದ್ ಆದ್ರೆ ಹೊಟ್ಟಿಗ್ ಹೋತ್ತೇನೊ. ಆದ್ರೆ ನಿಮ್ಗೆ ಗೊತ್ತಾತಿಲ್ಲೆ."

"ನೀ ಅಲ್ಲಿಂದ್ಲೇ ಹೇಳ್. ನಾ ಮಾಡ್ತೆ."

ತುಂಗಾ ಅಂಗಡಿಯಿಂದ ಪಾಸ್ತಾ ಪ್ಯಾಕೆಟ್ಟನ್ನೂ ಹಣ್ಣಾದ ಟೊಮೆಟೊವನ್ನೂ ತಂದಳು. ಮೀನು ಮುಟ್ಟದ ಪಾತ್ರೆ ಅಡುಗೆಮನೆಯಲ್ಲಿ ಒಂದೇ ಇತ್ತು, ಹಬ್ಬಕ್ಕೆ ಪಾಯಸ ಮಾಡುವಂಥದ್ದು. ಅಟ್ಟದಿಂದ ಅದನ್ನೇ ಇಳಿಸಿದಳು. ಟೊಮೆಟೊವನ್ನು ಬಿಸಿನೀರಲ್ಲಿ ಅದ್ದಿ ತೆಗೆದಾಗ ಸಿಪ್ಪೆ ತಾನಾಗಿ ಸುಲಿದುಬಂತು. ಉಳಿದದ್ದನ್ನು ಕೈಯಲ್ಲೇ ಹಿಸುಕಿದಳು.

"ಮಸಾಲಿ ಎಂತ?"

"ಎಂತದೂ ಇಲ್ಲೆ. ಎಣ್ಣಿ, ಬೆಳ್ಳುಳ್ಳಿ, ಉಪ್ಪ್, ಒಂಚೂರ್ ಸಕ್ರಿ."

"ತೆಂಗಿನ್ ಕಾಯಿ?"

"ಕಾಯಿ ಬ್ಯಾಡ."

"ಕಾಯಿ ಇಲ್ದೆ ಅದೆಂತ ಪದಾರ್ಥ ಮಾರಾಯ್ತಿ!"

ಕೋಣೆಯೊಳಗೆ ಸಣ್ಣ ನಗು ಕೇಳಿತು. ಬೆಳ್ಳುಳ್ಳಿ ಎಣ್ಣೆಗೆ ಬಿದ್ದು ಘಮ್ಮೆಂದಾಗ ತುಂಗಾ ಸೌಟು ಹಿಡಿದೇ ಕಿವಿಗೊಟ್ಟಳು. ಸುಪ್ರೀತಾ ಬಚ್ಚಲಿಗೆ ಓಡಲಿಲ್ಲ. ಟೊಮೆಟೊ ಸಣ್ಣ ಉರಿಯಲ್ಲಿ ಕೊತಕೊತ ಬೇಯುತ್ತ ದಪ್ಪಗಾಗತೊಡಗಿತು.

"ಕಡಿಗೆ ಒಂದ್ ಎಲಿ ಹಾಕ್ತಿದ್ರ್. ತುಳ್ಸಿ ಕಣಗೆ ಇರತ್ತ್, ತುಳ್ಸಿ ಅಲ್ಲ. ಇಲ್ಲಿ ಸಿಕ್ಕುದಿಲ್ಲೆ, ಬಿಡಿ."

"ಕಾಮಕಸ್ತೂರಿಯಾ? ಅದ್ ಮುಡುದ್ ಅಲ್ದಾ, ತಿಂಬುದಾ?" ಎನ್ನುತ್ತಲೇ ತುಂಗಾ ಹಿತ್ತಲಿಗೆ ಹೋಗಿ ಒಂದು ಕುಡಿ ಚಿವುಟಿ ತಂದಳು.

ಬೆಂದ ಪಾಸ್ತಾಕ್ಕೆ ಕಲಸಿದ ಕೆಂಪು ಸಾಸನ್ನು ಸುಪ್ರೀತಾ ಮೊದಲು ನಾಲಿಗೆ ತುದಿಯಲ್ಲಿ ಮುಟ್ಟಿದಳು. ಆಮೇಲೆ ಒಂದು ತುತ್ತು, ಇನ್ನೊಂದು ತುತ್ತು. ತುಂಗಾ ಸ್ವಲ್ಪ ದೂರದಲ್ಲಿ ಕುಳಿತು ನೋಡುತ್ತಿದ್ದಳು. ಬಟ್ಟಲು ಖಾಲಿಯಾಯಿತು. ತಿಂದದ್ದು ಹೊಟ್ಟೆಯೊಳಗೇ ಉಳಿಯಿತು ಕೂಡ.

"ಅತ್ತಿ, ನಿನ್ನಿ ನೀವ್ ಕೇಂಡ್ರಿ, ಅಲ್ದಾ?"

ತುಂಗಾ ಬಟ್ಟಲು ಎತ್ತಿ ಬದಿಗಿಟ್ಟಳು. "ಜಿತೇಂದ್ರ ಹೊಟ್ಟಿಯಂಗ್ ಇಪ್ಪತಿಗೆ ನಂಗ್ ಸಮುದ್ರದ್ ಗಾಳಿಯೇ ಆತಿರ್ಲಿಲ್ಲೆ. ನಮ್ಮತ್ತಿ ಹತ್ರ ಹೇಳುಕೆ ಹೆದ್ರಿ ಕದ ಹಾಯ್ಕಂಡ್ ಕೂಕಂತಿದ್ದೆ."

ಸುಪ್ರೀತಾ ಸರಿದು ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟಳು. ಸ್ವಲ್ಪ ಹೊತ್ತಿಗೆಲ್ಲ ಕಣ್ಣು ಮುಚ್ಚಿತು.

"ಹ್ವಾಯ್, ತುಂಗಕ್ಕ!" ಜೊತೆಯಲ್ಲಿ ಮೀನು ಮಾರುವ ಪದ್ದು ಕಿಟಕಿಯಲ್ಲಿ ಇಣುಕಿದಳು. "ಮಾರ್ಕೆಟಿಗೆ ಎಂತಕ್ ಬರ್ಲಿಲ್ಲೆ?"

ತುಂಗಾ ತುಟಿಗೆ ಬೆರಳಿಟ್ಟಳು. "ನಾಳಿ ಬತ್ತೆ," ಎಂದು ಪಿಸುಗುಟ್ಟಿದಳು. "ನನ್ನದೊಂದ್ ಸೀರಿ, ಸೋಪ್ ನಿನ್ನ ಮನಿಯಂಗ್ ಇಡ್ತೆ. ಮೀನ್ ಮಾರಿ ಅಲ್ಲೇ ಮಿಂದ್ಕಂಡ್ ಮನಿಗ್ ಬತ್ತೆ."

ಪದ್ದು ಒಳಗೆ ಮಲಗಿದ್ದವಳನ್ನು ನೋಡಿ ತಲೆಯಾಡಿಸಿ ಹೋದಳು. ತುಂಗಾಳ ಕಾಲು ಜೋಮು ಹಿಡಿಯುತ್ತಿತ್ತು. ಅವಳು ಅಲುಗಾಡಲಿಲ್ಲ. ಸೊಸೆಯ ತುಟಿಯಂಚಿನಲ್ಲಿ ಒಣಗುತ್ತಿದ್ದ ಕೆಂಪು ಕಲೆಯ ಮೇಲೆ ನೊಣ ಕೂರದಂತೆ ಸೆರಗು ಬೀಸುತ್ತ ಕುಳಿತಳು.