ನೂರಿಪ್ಪತ್ತರಿಂದ ಭಾಗಿಸಿದರೆ

ಮಗಳು ಏಣಿಯ ತುದಿಯಲ್ಲಿ ನಿಂತು ಬೆಳಕಿನ ಮೀಟರನ್ನು ಸೋಲಾರ್ ಪ್ಯಾನೆಲ್ಲಿನ ಮೇಲೆ, ಪ್ಯಾನೆಲ್ ಎಷ್ಟು ವಾಲಿತ್ತೋ ಅಷ್ಟೇ ವಾಲಿಸಿ ಇಟ್ಟಳು. ತನ್ನ ನೆರಳು ಬೀಳದಂತೆ ಪಕ್ಕಕ್ಕೆ ಸರಿದು ಓದಿದಳು.

"ಇಪ್ಪತ್ನಾಲ್ಕು ಸಾವಿರ."

ಕೆಳಗೆ ಏಣಿ ಹಿಡಿದಿದ್ದ ಸೋದರಮಾವನಿಗೆ ಜೀವ ಬಂದಂತಾಯಿತು. "ಸಾವಿರಗಟ್ಟಲೆ ಇದೆಯಲ್ಲ. ಮತ್ಯಾಕೆ ಹೆದರ್ತೀಯ?"

"ಅದು ಕಣ್ಣಿಗೆ ಕಾಣೋ ಬೆಳಕು, ಮಾವ. ಪ್ಯಾನೆಲ್ಲಿಗೆ ಸಿಗೋ ಶಕ್ತಿ ತಿಳೀಬೇಕಾದ್ರೆ ನೂರಿಪ್ಪತ್ತರಿಂದ ಭಾಗಿಸಬೇಕು. ಇನ್ನೂರು. ಒಳ್ಳೆ ಬಿಸಿಲಿದ್ರೆ ಸಾವಿರ ಬರುತ್ತೆ."

"ಅಂದ್ರೆ ಐದರಲ್ಲಿ ಒಂದು ಪಾಲು."

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ."

ನಿನ್ನೆ ಸಂಜೆ ಅಮ್ಮ ತೀರಿಕೊಂಡಿದ್ದಳು. ರಾತ್ರಿಯ ಗಾಳಿಮಳೆಗೆ ರಸ್ತೆಗೆ ಅಡ್ಡಲಾಗಿ ಮರ ಉರುಳಿ, ಕರೆಂಟಿನ ತಂತಿಯೂ ಹರಿದಿತ್ತು. ಕರೆಂಟಿಲ್ಲದಾಗ ಅಪ್ಪನಿಗೆ ಹಚ್ಚುವ ಆಕ್ಸಿಜನ್ ಸಿಲಿಂಡರ್ ತರುವ ಗಾಡಿ ಎಷ್ಟೋ ಮೈಲಿ ದೂರದಲ್ಲಿ, ಮರದ ಆಚೆ ನಿಂತಿತ್ತು. ಅಮ್ಮನ ಅಕ್ಕ, ದೊಡ್ಡಮ್ಮ, ಸಂಜೆಗೆ ಮುಂಚೆ ತಲುಪುವಂತಿರಲಿಲ್ಲ. ಮನೆಯಲ್ಲಿ ಎರಡು ಯಂತ್ರಗಳು ಒಂದೇ ಬ್ಯಾಟರಿಯನ್ನು ತಿನ್ನುತ್ತಿದ್ದವು. ಕೋಣೆಯಲ್ಲಿ ಅಪ್ಪನಿಗೆ ಉಸಿರು ಕೊಡುವ ಯಂತ್ರ, ನಡುಮನೆಯಲ್ಲಿ ಅಮ್ಮನನ್ನು ಮಲಗಿಸಿದ್ದ ತಣ್ಣನೆಯ ಪೆಟ್ಟಿಗೆ.

* * *

ಅಮ್ಮ ಪ್ಯಾನೆಲ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ದುಡಿದವಳು. ಶಕ್ತಿಯನ್ನೇ ನೇರವಾಗಿ ಅಳೆಯುವ ದುಬಾರಿ ಉಪಕರಣ ಅಲ್ಲಿನದು. ಮನೆಗೆ ಈ ಪುಟ್ಟ ಮೀಟರೇ ಗತಿ. "ಈ ಲೆಕ್ಕ ಬಿಸಿಲಿಗೆ ಮಾತ್ರ. ಬಲ್ಬಿನ ಕೆಳಗೆ ಹಾಕಿದ್ರೆ ಮೋಸ ಹೋಗ್ತೀಯ," ಎನ್ನುತ್ತಿದ್ದಳು.

ದಿನಾ ಬೆಳಿಗ್ಗೆ ಅವಳು ಮಾಡಿನ ಮೇಲಿದ್ದರೆ ಅಪ್ಪ ಮಂಚದಿಂದಲೇ ಕೇಳುತ್ತಿದ್ದ, "ಎಷ್ಟಿದೆಯೇ?"

"ಬೇಕಾದಷ್ಟಿದೆ."

ಮೋಡ ಕವಿದಿದ್ದರೂ ಅದೇ ಉತ್ತರ. ಒಮ್ಮೆ ಮಗಳು ಹಿಂದೆಯೇ ಹತ್ತಿ ಮೀಟರ್ ನೋಡಿದಳು. ಇವತ್ತಿನಷ್ಟೇ ಇತ್ತು. ಅಮ್ಮ ಇಳಿದು ಬಂದು ಸದ್ದಿಲ್ಲದೆ ಫ್ರಿಜ್ ಆರಿಸಿದಳು, ಫ್ಯಾನ್ ಆರಿಸಿದಳು, ಒಂದು ರಟ್ಟಿನ ತುಂಡು ಹಿಡಿದು ಗಾಳಿ ಹಾಕಿಕೊಳ್ಳುತ್ತ ಕೂತಳು.

"ಅಪ್ಪನಿಗೆ ಸುಳ್ಳು ಹೇಳಿದ್ಯಲ್ಲಮ್ಮ?"

"ಸುಳ್ಳೆಲ್ಲಿ? ನೋಡು, ಈಗ ಬೇಕಾದಷ್ಟಾಯ್ತು."

* * *

ಬ್ಯಾಟರಿಯ ಮೇಲಿನ ಹಸಿರು ದೀಪ ಹಳದಿಯಾಗಿತ್ತು. ಎರಡು ಯಂತ್ರಗಳನ್ನೂ ಹಾಗೇ ಓಡಲು ಬಿಟ್ಟರೆ ದೊಡ್ಡಮ್ಮ ಬರುವ ಹೊತ್ತಿಗೆ ಅಪ್ಪನ ಯಂತ್ರ ನಿಂತಿರುತ್ತದೆ. ಮಗಳು ಲೆಕ್ಕವನ್ನು ಮತ್ತೆ ಮತ್ತೆ ಮಾಡಿದಳು. ಉತ್ತರ ಬದಲಾಗಲಿಲ್ಲ.

"ಪೆಟ್ಟಿಗೆ ಆರಿಸಬೇಕು, ಮಾವ. ಮಧ್ಯಾಹ್ನವೇ ಎತ್ತಿಬಿಡೋಣ."

"ಒಡಹುಟ್ಟಿದವಳು ಮುಖ ನೋಡೋದು ಬೇಡ್ವಾ? ಜನ್ಮ ಇರೋವರೆಗೂ ನಿನ್ನ ಕ್ಷಮಿಸಲ್ಲ ಅವಳು."

"ಗೊತ್ತು."

ಮಾವ ಮೋಡದತ್ತ ನೋಡಿದರು. "ಇನ್ನು ಸ್ವಲ್ಪ ಹೊತ್ತಿಗೆ ಬಿಸಿಲು ಬಂದ್ರೆ?"

"ಬರದಿದ್ರೆ?"

ಕೋಣೆಯಿಂದ ಅಪ್ಪನ ದನಿ ಬಂತು. ಎರಡು ಮಾತಿನ ನಡುವೆ ಉಸಿರು ಹುಡುಕುತ್ತಿದ್ದ. "ಮಗಳೇ... ಎಷ್ಟಿದೆ?"

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದಳು, "ಬೇಕಾದಷ್ಟಿದೆ, ಅಪ್ಪ."

ಪೆಟ್ಟಿಗೆಯ ಪಕ್ಕ ಮಂಡಿಯೂರಿದಳು. ಗಾಜಿನ ಮೇಲೆ ಮಂಜು ಕೂತಿತ್ತು. ಅಮ್ಮನ ಮುಖ ಮಸುಕಾಗಿ ಕಾಣುತ್ತಿತ್ತು. ಮಾವ ಗೋಡೆಯ ಕಡೆ ತಿರುಗಿ ನಿಂತರು. ಅವಳು ಕಣ್ಣು ಮುಚ್ಚಿ ಪ್ಲಗ್ ಕಿತ್ತಳು.

"ಏನೋ ಒಂದು ಸದ್ದು ನಿಂತ ಹಾಗಾಯ್ತಲ್ಲ," ಎಂದ ಅಪ್ಪ.

ಕೋಣೆಯ ಯಂತ್ರ ಒಂದೇ ಗುಂಯ್‌ಗುಡುತ್ತಿತ್ತು. ಸ್ವಲ್ಪ ಹೊತ್ತಿಗೆ ಗಾಜಿನ ಮಂಜು ಕರಗಿ ನೀರಾಗಿ ಇಳಿಯಿತು. ಮಗಳು ಪೆಟ್ಟಿಗೆಯ ಮುಚ್ಚಳ ತೆಗೆದಳು. ಕಪಾಟಿನ ಹಿಂದಿನಿಂದ ಒಂದು ರಟ್ಟಿನ ತುಂಡು ಎಳೆದುಕೊಂಡು, ಅಮ್ಮನ ತಲೆಯ ಬಳಿ ಕೂತು, ಮೆಲ್ಲಗೆ ಗಾಳಿ ಹಾಕತೊಡಗಿದಳು.