ಮೇಬಲ್ ಬರುವ ತನಕ

ನೊಣ ಮತ್ತೆ ಬಂತು, ಬಾಯಿಯ ಬಲಗಡೆಯ ಮೂಲೆಗೇ ಬಂದು ಕೂತಿತು, ಈ ಕಡೆಯಲ್ಲಿ ಕೇಳುವವರಿಲ್ಲ ಎಂದು ಅದಕ್ಕೂ ಗೊತ್ತಾಗಿಬಿಟ್ಟಿದೆ, ಎಡಗಡೆ ಕೂತರೆ ತುಟಿ ಸ್ವಲ್ಪವಾದರೂ ಅಲ್ಲಾಡುತ್ತದೆ, ಬಲಗಡೆಯಾದರೆ ಫ್ರೀ ಪಾಸ್, ಕೂತುಕೊ ಮಾರಾಯ, ಟಿಕೆಟ್ ಕೇಳಲು ಈ ಕಂಡಕ್ಟರನಿಗೆ ಬಾಯಿಯೂ ಇಲ್ಲ ಕೈಯೂ ಇಲ್ಲ — ಕಾಪುವಿನಿಂದ ಕಾರ್ಕಳದ ತನಕ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗುತ್ತಿದ್ದ ಈ ಜೋಕಿಮ್, ಚಂದ್ರನಗರ, ಶಿರ್ವ, ಬೆಳ್ಮಣ್, ನಿಟ್ಟೆ, ಇಳಿಯುವವರು ಬೇಗ ಇಳಿಯಿರಿ, ಬಾಗಿಲಲ್ಲಿ ಬೇರು ಬಿಡಬೇಡಿ, ಈಗ ಒಂದು ನೊಣವನ್ನು ಇಳಿಸಲಾರ. ಎಸ್ತರ್ ಇದ್ದಿದ್ದರೆ ಸೆರಗಿನ ತುದಿಯಿಂದ ಒಮ್ಮೆ ಬೀಸುತ್ತಿದ್ದಳು, ಇತ್ತ ನೋಡದೆಯೇ, ಬಾಯಲ್ಲಿ ಬೇರೆ ಯಾರದೋ ಸುದ್ದಿ ಹೇಳುತ್ತ, ಹೆಂಡತಿಗೆ ನೋಡಬೇಕಾಗಿಯೇ ಇಲ್ಲ. ಎಸ್ತರ್ ಇಲ್ಲ. ಬೆಳಿಗ್ಗೆ ಮಣಿಪಾಲಕ್ಕೆ ಹೋದಳು, ಈಗ ಅಲ್ಲಿ ಯಾವ ಮಂಚದ ಮೇಲೆ ಕೂತು ಯಾವ ಬಾಗಿಲು ನೋಡುತ್ತಿದ್ದಾಳೋ, ಇಲ್ಲಿ ಭೋಜ ಇದ್ದಾನೆ, ಕುರ್ಚಿಯಲ್ಲಿ, ಗಲ್ಲ ಎದೆಗೆ ತಾಗಿಸಿಕೊಂಡು ತೂಕಡಿಸುತ್ತಿದ್ದಾನೆ, ಬೀಡಿ ವಾಸನೆ, ಅವನ ಗೊರಕೆಗೆ ಹೆದರದ ನೊಣ ನನಗೆ ಹೆದರುತ್ತದಾ. ನನ್ನ ಬಸ್ಸಿನ ಡ್ರೈವರ್ ಭೋಜ, ಅವನು ಮುಂದೆ ನಾನು ಹಿಂದೆ, ಅರ್ಧ ಆಯುಷ್ಯ ಅವನ ಬೆನ್ನು ನೋಡಿಯೇ ಕಳೆದೆ, ಮುಖ ಇಷ್ಟು ಹತ್ತಿರದಿಂದ ನೋಡಿದ್ದು ಇವತ್ತೇ. ಒಳ್ಳೆಯವನು. ಅದಕ್ಕೇ ಹೆದರಿಕೆ ನನಗೆ, ಒಳ್ಳೆಯವರು ಸುಮ್ಮನೆ ಕೂರುವುದಿಲ್ಲ.

ಎಸ್ತರಳ ಗರ್ಭಕೋಶ ತೆಗೆಯಲೇಬೇಕು ಎಂದು ಡಾಕ್ಟರ್ ಹೇಳಿ ಎಷ್ಟೋ ಸಮಯವಾಯಿತು, ಇವರನ್ನು ಯಾರು ನೋಡಿಕೊಳ್ಳುವುದು ಎಂದು ಮುಂದೆ ಹಾಕುತ್ತಲೇ ಬಂದಳು, ನನ್ನೆದುರು ಒಂದು ಮಾತು ಆಡಲಿಲ್ಲ, ಆದರೆ ಬಟ್ಟೆ ಒಗೆಯುವಾಗ ನಡುವೆ ಎದ್ದು ಗೋಡೆ ಹಿಡಿದು ನಿಲ್ಲುವುದು ಈ ಕಿಟಕಿಗೆ ಕಾಣುತ್ತದೆ, ಮುಖ ಬಿಳಿಚಿಕೊಂಡಿರುತ್ತದೆ, ಒಳಗೆ ಬರುವಾಗ ಮಾತ್ರ ನಗು. ಕೊನೆಗೆ ಪಾದ್ರಿಯವರೇ ಪೂಜೆ ಮುಗಿದ ಮೇಲೆ ಇಗರ್ಜಿಯಲ್ಲಿ ಹೇಳಿದರಂತೆ, ನಮ್ಮ ಜೋಕಿಮನನ್ನು ಸ್ವಲ್ಪ ದಿನ ನೋಡಿಕೊಳ್ಳಲು ಜನ ಬೇಕು, ಮನಸ್ಸಿದ್ದವರು ಮುಂದೆ ಬನ್ನಿ. ಮುಂದೆ ಬಂದರು, ಬಾರದೆ ಏನು, ಮಗಳ ಮದುವೆಗೂ ಅಷ್ಟು ಜನ ನಮ್ಮ ಅಂಗಳ ತುಳಿದಿರಲಿಲ್ಲ, ಪಕ್ಕದ ಮನೆಯ ರೊಸಾರಿಯೊನ ಹೆಂಡತಿ ಹಲಸಿನ ಎಲೆಯ ಕಡುಬು ತಂದಳು, ಒಬ್ಬರು ದುಬೈಯ ಹೊದಿಕೆ, ಒಬ್ಬರು ಲೂರ್ದ್ ಮಾತೆಯ ತೀರ್ಥ, ಎಲ್ಲರೂ ಪ್ರಾರ್ಥನೆ ಮಾಡುತ್ತೇವೆ ಎಸ್ತರ್‌ಬಾಯಿ ಎಂದರು, ಇರುತ್ತೇವೆ ಎಂದವರು ಯಾರೂ ಇಲ್ಲ. ತಪ್ಪು ಹೇಳಲಾರೆ, ಬೇರೆ ಗಂಡಸಿನ ಮೈ ತೊಳೆಯುವ ಕೆಲಸ ಯಾರಿಗೆ ಬೇಕು, ನಾನಾದರೂ ಹೋಗುತ್ತಿದ್ದೆನಾ. ಕಡೆಗೆ ಮೇಬಲ್ ಒಪ್ಪಿದಳು, ನಮ್ಮ ಮಗಳು, ಕಾರ್ಕಳದಲ್ಲಿ ಮದುವೆಯಾದವಳು, ಹೋದ ವಾರ ಬಂದು ತಾಯಿಯ ಹತ್ತಿರ ಎಲ್ಲ ಕಲಿತು ಹೋದಳು, ದಿಂಬು ಎಷ್ಟು ಎತ್ತರ, ಗಂಜಿ ಎಷ್ಟು ದಪ್ಪ, ಗಲ್ಲ ಹೇಗೆ ಬಗ್ಗಿಸಬೇಕು, ಕಲಿಯುವಾಗ ಒಮ್ಮೆ ಹೊರಗೆ ಹೋಗಿ ಅತ್ತು ಬಂದಳು, ನನಗೆ ಕಾಣುವುದಿಲ್ಲ ಎಂದುಕೊಂಡಿದ್ದಳು. ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಬರಬೇಕಿತ್ತು, ಬಸ್ಸು ಬಂತು, ಕಂಡಕ್ಟರ್ ಬಾಗಿಲಲ್ಲೇ ನೇತಾಡುತ್ತ ಕೂಗಿದ, ಮೇಬಲಕ್ಕನ ಮಗುವಿಗೆ ಜ್ವರ, ಮಧ್ಯಾಹ್ನದ ಬಸ್ಸಿಗೆ ಬರ್ತಾರಂತೆ, ರೈಟ್. ಎಸ್ತರ್ ಚೀಲ ಕೆಳಗಿಟ್ಟಳು. ನಾನು ಹೋಗುವುದಿಲ್ಲ. ಹೋಗದಿದ್ದರೆ ಆಸ್ಪತ್ರೆಯ ಮಂಚ ಬೇರೆಯವರಿಗೆ, ಮತ್ತೆ ಯಾವಾಗಲೋ, ಮತ್ತೆ ಎಂಬುದು ಅವಳಿಗೆ ಉಂಟಾ ಇಲ್ಲವಾ ಯಾರಿಗೆ ಗೊತ್ತು — ಆಗ ಭೋಜ, ಅವಳನ್ನು ಬಸ್ಸು ಹತ್ತಿಸಿ ಬರುತ್ತೇನೆಂದು ಬಂದವನು, ನಾನಿಲ್ಲವಾ ಅಕ್ಕ, ಮೇಬಲ್ ಬರುವ ತನಕ ಕೂರ್ತೇನೆ, ಜೋಕಿಮಣ್ಣ ನನಗೆ ಎಂತ ಹೊಸಬರಾ. ಎಸ್ತರ್ ಅವನಿಗೂ ಹೇಳಿದಳು, ಹೇಳಿಯೇ ಹೋದಳು, ಅವಳ ಮೇಲೆ ತಪ್ಪಿಲ್ಲ ದೇವರೇ, ಭೋಜಣ್ಣ, ನೀರು ಮಾತ್ರ ಕೊಡಬೇಡಿ, ಎಷ್ಟು ಬಾಯಿ ಬಿಟ್ಟರೂ ಒಂದು ತೊಟ್ಟು ಕೊಡಬೇಡಿ. ಆಯಿತು ಅಕ್ಕ ಎಂದ ಭೋಜ. ಅವಳು ನನ್ನ ಹಣೆ ಮುಟ್ಟಿ ಶಿಲುಬೆಯ ಗುರುತು ಹಾಕಿದಳು, ಕೈ ತಣ್ಣಗಿತ್ತು, ಹೋಗಿ ಬರ್ತೇನೆ ಎಂದಳು, ಚೀಲ ಎತ್ತಿಕೊಂಡಳು.

ನೀರು. ಆ ಶಬ್ದ ಯಾಕೆ ತಲೆಗೆ ತಂದೆ. ಪಾರ್ಶ್ವವಾಯು ಬಡಿದು ಮೊದಲನೆಯ ಸಲ ಬಿದ್ದದ್ದು ಕಾಪು ಬಸ್‌ಸ್ಟ್ಯಾಂಡಿನಲ್ಲಿ, ಖಾಕಿಯಲ್ಲೇ, ಬಲಗಡೆಯೂ ಮಾತೂ ಹೋಯಿತು, ಎರಡನೆಯ ಸಲ ಬಿದ್ದದ್ದು ಇದೇ ಮನೆಯಲ್ಲಿ, ಕಳೆದ ಮಳೆಗಾಲದ ಮೊದಲು, ಆಗ ಗಂಟಲು ಹೋಯಿತು, ಎಡಗೈಯಲ್ಲಿ ಮಣಿಕಟ್ಟಿನಿಂದ ಕೆಳಗೆ ಸ್ವಲ್ಪ ಉಳಿಯಿತು, ಕುತ್ತಿಗೆ ತಾನಾಗಿ ಎಡಕ್ಕೆ ವಾಲುತ್ತದೆ, ಅದಕ್ಕೆ ಹೌದು ಅಲ್ಲ ಎಂಬ ಭೇದವಿಲ್ಲ. ಆಗ ಗಂಟಲು ಹೋದದ್ದು ಯಾರಿಗೂ ಗೊತ್ತಿರಲಿಲ್ಲ, ಎಸ್ತರ್ ಎಂದಿನಂತೆ ಕಾಫಿ ಕುಡಿಸಿದಳು, ಕಾಫಿ ಹೋಗಬೇಕಾದ ದಾರಿಯಲ್ಲಿ ಹೋಗಲಿಲ್ಲ, ಉಸಿರಿನ ದಾರಿಗೆ ಇಳಿಯಿತು — ಕಾಪುವಿನ ದೀಪಸ್ತಂಭದ ಕೆಳಗೆ ಬಂಡೆಯಿಂದ ಜಾರಿದವರು ಮುಳುಗುವುದನ್ನು ಒಮ್ಮೆ ನೋಡಿದ್ದೇನೆ, ಅವರಿಗೆ ಕೈಕಾಲು ಬಡಿಯಲಾದರೂ ಇತ್ತು, ನಾನು ಹಾಸಿಗೆಯಲ್ಲಿ, ಒಣ ಬಟ್ಟೆಯಲ್ಲಿ, ಹೆಂಡತಿ ನೋಡುತ್ತಿದ್ದ ಹಾಗೆ ಮುಳುಗಿದೆ, ಒಂದು ಲೋಟ ಕಾಫಿಯಲ್ಲಿ. ಮಣಿಪಾಲದಲ್ಲಿ ಎದೆಯಿಂದ ಕೀವು ಬರುವ ಹಾಗೆ ಕೆಮ್ಮಿದೆ. ತೆಳ್ಳಗಿರುವುದು ಯಾವುದೂ ಬೇಡಮ್ಮ ಎಂದರು ಡಾಕ್ಟರ್, ಚಮಚ ಬಗ್ಗಿಸಿದರೂ ಬೀಳದಂಥ ಗಂಜಿ, ಅದೂ ಕೂರಿಸಿ, ಇನ್ನೊಮ್ಮೆ ಹೀಗಾದರೆ ನಮ್ಮ ಕೈಯಲ್ಲಿಲ್ಲ. ಅಂದಿನಿಂದ ಗಂಜಿ, ಅಂಟಿನಂಥ ಗಂಜಿ, ಬಾಯಿ ಒಣಗಿದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಾಳೆ, ಹಿಂಡಿ ಹಿಂಡಿ ಒಂದು ಹನಿಯೂ ಇಲ್ಲದ ಹಾಗೆ ಮಾಡಿ. ಎಸ್ತರಳಿಗೂ ಗೊತ್ತಿಲ್ಲದ್ದು ಒಂದುಂಟು, ನನಗೆ ಸಾಯುವ ಹೆದರಿಕೆಗಿಂತ ನನ್ನ ಈ ಬಾಯಿಯ ಹೆದರಿಕೆ ಹೆಚ್ಚು, ಅವಳು ಅಂಗಳದಲ್ಲಿ ಬಾವಿಯಿಂದ ಕೊಡ ಎತ್ತಿ ಸುರಿಯುವ ಸದ್ದಿಗೆ ನಾಲಿಗೆ ತಾನಾಗಿ ಏಳುತ್ತದೆ, ಬೆಳ್ಮಣ್ಣಿನ ಗೋಲಿ ಸೋಡಾ, ನಿಟ್ಟೆಯ ಹೋಟೆಲಿನ ಮಣ್ಣಿನ ಹೂಜಿಯ ನೀರು, ಲೋಟ ತುಟಿಗೆ ತಾಗಿಸದೆ ಎತ್ತಿ ಗಟಗಟ ಸುರಿದುಕೊಳ್ಳುತ್ತಿದ್ದೆ, ಗಲ್ಲದಿಂದ ಇಳಿದು ಅಂಗಿಯೊಳಗೆ ಹೋಗುತ್ತಿದ್ದ ನೀರಿನ ಲೆಕ್ಕ ಯಾರು ಇಟ್ಟಿದ್ದರು. ಯಾರಾದರೂ ಕೊಟ್ಟರೆ ಬಾಯಿ ತೆರೆಯುತ್ತೇನೆ. ಅದು ನನಗೆ ಗೊತ್ತು. ಕೊಡುವವರು ಇರಬಾರದು, ಅಷ್ಟೆ.

ಬಸ್ಸು. ಅದೇ, ಮಧ್ಯಾಹ್ನದ್ದು, ಏರಿನಲ್ಲಿ ಗೇರ್ ಬದಲಿಸಲು ತಡಮಾಡುತ್ತಾನೆ ಈಗಿನ ಹುಡುಗ, ಭೋಜನಾಗಿದ್ದರೆ ಮೋರಿಯ ಹತ್ತಿರವೇ ಬದಲಿಸುತ್ತಿದ್ದ, ಬಂತು, ತಿರುವಿಗೆ ಬಂತು, ನಿಲ್ಲಿಸು, ನಿಲ್ಲಿಸು ಮಾರಾಯ, ಹಾರ್ನ್, ನಿಲ್ಲಲಿಲ್ಲ. ಹೋಯಿತು. ಮೇಬಲ್ ಇಳಿಯಲಿಲ್ಲ. ಮಗುವಿನ ಜ್ವರ ಏರಿರಬೇಕು ಪಾಪ, ಮಗುವಿಗೂ ಅವಳೇ ಬೇಕಲ್ಲವಾ, ಎಲ್ಲರಿಗೂ ಒಬ್ಬೊಬ್ಬರೇ ಹೆಂಗಸು. ಭೋಜನಿಗೆ ಎಚ್ಚರವಾಗಿದೆ, ನನ್ನ ಮುಖ ನೋಡುತ್ತಾನೆ, ಎಂತ ಜೋಕಿಮಣ್ಣ ಕಣ್ಣಲ್ಲಿ ನೀರು, ಕುತ್ತಿಗೆ ನೋವಾ, ಇಷ್ಟು ಎತ್ತರ ಇಟ್ಟರೆ ಯಾರಿಗೆ ನೋವಾಗುವುದಿಲ್ಲ, ಎನ್ನುತ್ತ ದಿಂಬು ಎಳೆದ, ಒಂದಲ್ಲ, ಎರಡೂ, ತಲೆ ಕೆಳಗೆ ಹೋಯಿತು, ಜಂತಿ ನೇರ ಮೇಲೆ ಬಂತು, ಉಗುಳು ಗಂಟಲ ಕಡೆ ಹರಿಯುವುದು ಗೊತ್ತಾಗುತ್ತದೆ, ಬೇಡ ಭೋಜ, ದಿಂಬು ಇಡು, ಆ ಎಂದೆ, ಆ ಮಾತ್ರ ಬರುವುದು ನನಗೆ, ಈಗ ಹಾಯಾಯಿತಲ್ವಾ ಎಂದ. ಬದಲಿಗೆ ಬಂದವರ ಹಣೆಬರಹವೇ ಇದು, ಮೇಬಲಳ ಮದುವೆಗೆ ನಾನು ರಜೆ ಹಾಕಿದಾಗ ಬಂದ ಬದಲಿ ಕಂಡಕ್ಟರ್ ಕೆಟ್ಟವನಲ್ಲ, ಟಿಕೆಟ್ ಸರಿ, ಚಿಲ್ಲರೆ ಸರಿ, ಚಂದ್ರನಗರದಲ್ಲಿ ಕೈ ಅಡ್ಡ ಹಿಡಿಯದೆ ಸುಮ್ಮನೆ ನಿಲ್ಲುವ ಮುದುಕಿಯನ್ನು ಮಾತ್ರ ಬಿಟ್ಟು ಬರುತ್ತಿದ್ದ, ಕೈ ಹಿಡಿಯದಿದ್ದರೆ ನನಗೆ ಹೇಗೆ ಗೊತ್ತಾಗಬೇಕು ಎಂದ, ಸರಿಯೇ, ಹೇಗೆ ಗೊತ್ತಾಗಬೇಕು. ಭೋಜ ಎದ್ದು ಹೊರಗೆ ಹೋದ. ಚಪ್ಪಲಿ ಸದ್ದು ಬಾವಿಕಟ್ಟೆಯ ಕಡೆಗೆ. ಅಲ್ಲಿ ಎಂತ ಉಂಟು ಅವನಿಗೆ, ಕಾಲು ತೊಳೆಯಲು ಹೋಗಿರಬಹುದು, ಬೀಡಿ ಸೇದಲು ಹೋಗಿರಬಹುದು — ಅಲ್ಲಿ ಗೆಂದಾಳಿ ಉಂಟು. ಗಿಡ್ಡ ತೆಂಗು, ಎಳನೀರಿನ ಕೆಂಪು ಬೊಂಡ, ನಿಂತಲ್ಲೇ ಕೈಗೆ ಸಿಗುತ್ತದೆ, ಜ್ವರದವರಿಗೆ, ಬಾಣಂತಿಯರಿಗೆ, ಸಾಯುವವರಿಗೆ ಸಹ ಊರೆಲ್ಲ ನಮ್ಮ ಮನೆಯಿಂದಲೇ ಒಯ್ಯುವುದು. ಕತ್ತಿಯ ಸದ್ದು. ಸಿಪ್ಪೆ ಹಾರಿಸುವ ಸದ್ದು. ಮತ್ತೊಂದು. ಕಾಣದೆಯೇ ಕಾಣುತ್ತದೆ, ಬೊಂಡದ ಬಿಳಿ ಬಾಯಿ, ಅದರ ಅಂಚಿನ ತನಕ ನೀರು.

ತಂದ. ತಂದೇಬಿಟ್ಟ. ಎರಡು ಕೈಯಲ್ಲಿ ಹಿಡಿದಿದ್ದಾನೆ, ಎಷ್ಟು ಸಂತೋಷ ಅವನ ಮುಖದಲ್ಲಿ, ಅಕ್ಕ ನೀರು ಬೇಡ ಅಂದರು, ಸರಿ, ಬಾವಿ ನೀರು ಶೀತ, ಕಫ ಕಟ್ಟುತ್ತದೆ, ಆದರೆ ಬಾಯಿ ಒಣಗಿ ಬಿರುಕು ಬಿಟ್ಟಿದೆಯಲ್ಲ ಜೋಕಿಮಣ್ಣ, ನೋಡಿ ಕೂರುವುದು ಹೇಗೆ, ಬೊಂಡ ಆದರೆ ಮದ್ದಲ್ವಾ, ಡಾಕ್ಟರುಗಳೇ ಕೊಡಿ ಅಂತಾರೆ, ಗೆಂದಾಳಿ ಬೇರೆ. ನೀರೇ ಅದು ಭೋಜ, ನೀರೇ, ಹೊಟ್ಟೆಗೆ ಮದ್ದು, ನನ್ನ ಎದೆಗೆ ಸಮುದ್ರ. ಅವನ ಒಂದು ಕೈ ನನ್ನ ಕುತ್ತಿಗೆಯ ಅಡಿಗೆ ಬಂತು, ಸ್ಟೇರಿಂಗ್ ಹಿಡಿದ ದೊಡ್ಡ ಒರಟು ಕೈ, ಮೆತ್ತಗೆ ಎತ್ತುತ್ತಿದ್ದಾನೆ, ಮಗುವನ್ನು ಎತ್ತುವ ಹಾಗೆ, ಬಾಯಿ ಮುಚ್ಚಿದೆ, ಮುಚ್ಚಿದೆ ಎಂದುಕೊಂಡೆ, ಎಡಗಡೆ ಮುಚ್ಚಿತು, ಬಲಗಡೆ ತೆರೆದೇ ಇದೆ. ನಾಚಿಕೆ ಎಂತದ್ದು ಮಾರಾಯ, ನನ್ನ ಕೈಯಿಂದ ಕುಡಿಯಬಾರದಾ. ಈಗ ನಾನು ಸತ್ತರೆ, ಅಲ್ಲಿ ಎಸ್ತರ್ ಹೊಟ್ಟೆ ಕೊಯ್ಸಿಕೊಂಡು ಮಲಗಿರುವಾಗ ಯಾರು ಹೋಗಿ ಹೇಳುವುದು, ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಹೇಗೆ ಅಳುತ್ತಾಳೆ, ನಾನು ಹೋಗಬಾರದಿತ್ತು ಎಂದು ಬದುಕಿರುವ ತನಕ ಹೇಳುತ್ತಾಳೆ, ಮತ್ತು ಈ ಭೋಜ, ಪ್ರೀತಿಯಿಂದ ಕೊಟ್ಟೆ ಎಂದು ಯಾರ ಹತ್ತಿರ ಹೇಳುತ್ತಾನೆ, ಯಾರು ನಂಬಿದರೂ ಅವನು ನಂಬುತ್ತಾನಾ. ನಿಲ್ಲಿಸಬೇಕು, ಹೇಗೆ ನಿಲ್ಲಿಸುವುದು ಇವನನ್ನು — ಬೆಲ್. ಹೇಗೆ ನಿಲ್ಲಿಸುತ್ತಿದ್ದೆ ಹಾಗೆ. ರಶ್ಶಿನಲ್ಲಿ ಬೆಲ್‌ನ ಹಗ್ಗ ಕೈಗೆ ಸಿಗದಿದ್ದರೆ ಬಸ್ಸಿನ ತಗಡು ಬಡಿಯುತ್ತಿದ್ದೆ, ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೋಗು, ಹಿಂದೆ ತಿರುಗಿ ನೋಡುತ್ತಲೇ ಇರಲಿಲ್ಲ ಅವನು. ಎಡಗೈ ಮಂಚದ ಚೌಕಟ್ಟಿನ ಮೇಲೆ ಉಂಟು, ಬೆರಳಲ್ಲಿ ಮದುವೆಯ ಉಂಗುರ ಉಂಟು, ಏಳು, ಸ್ವಲ್ಪ ಏಳು ಕೈಯೇ, ಯೇಸುವೇ, ಒಂದೇ ಒಂದು ಸಲ. ಟಕ್.

ಭೋಜ ನಿಂತ. ಅವನ ಬಲಗಾಲು ನೆಲ ಒತ್ತಿತು, ಬ್ರೇಕು ಒತ್ತಿದ ಹಾಗೆ, ತಾನೇ ಕೆಳಗೆ ನೋಡಿ ನಕ್ಕ, ಓ ಜೋಕಿಮಣ್ಣ, ಹೋಲ್ಡಾನ್, ನಿಲ್ಲಿಸು ಅಂದದ್ದಾ, ಅವನ ಕಣ್ಣು ತುಂಬಿತು, ನಿಮಗೆ ಎಲ್ಲ ನೆನಪುಂಟಲ್ಲ, ಆಯಿತು, ನಿಲ್ಲಿಸಿದೆ, ನೀವು ಹೇಳದೆ ಗಾಡಿ ಮುಂದೆ ಹೋಗುವುದಿಲ್ಲ. ಕಾಯುತ್ತಿದ್ದಾನೆ. ಅವನು ಕಾಯುತ್ತಾನೆ, ಸಂಜೆಯ ತನಕ ಬೇಕಾದರೂ ಕಾಯುತ್ತಾನೆ, ಬದುಕಿದೆ ಎಸ್ತರ್, ಬದುಕಿಕೊಂಡೆ, ಆದರೆ ಬೊಂಡ ಅಲ್ಲೇ ಉಂಟು, ಹಿಂದಕ್ಕೆ ಒಯ್ಯಲಿಲ್ಲ ಅವನು, ನನ್ನ ಗಲ್ಲದ ಹತ್ತಿರವೇ ಹಿಡಿದು ನಿಂತಿದ್ದಾನೆ, ಬಿಳಿ ಬಾಯಿ, ಅಂಚಿನ ತನಕ ನೀರು, ಮೂಗಿಗೆ ತಂಪು ಬಡಿಯುತ್ತದೆ, ಸಿಹಿ ವಾಸನೆ, ಎಳೆ ಸಿಪ್ಪೆಯ ಹಸಿ ವಾಸನೆ, ಒಂದು ಹನಿ ಅಂಚಿನಿಂದ ಇಳಿದು ಅವನ ಹೆಬ್ಬೆರಳ ಮೇಲೆ ನಿಂತಿತು, ಹೋಗು ಭೋಜ, ದೂರ ಒಯ್ಯಿ ಅದನ್ನು, ನೋಡುವುದಿಲ್ಲ, ಎಸ್ತರ್, ಎಸ್ತರ್, ಎಸ್ತರಳ ಮುಖ ತರಬೇಕು, ಗೋಡೆ ಹಿಡಿದು ನಿಂತವಳ ಮುಖ, ಬರುತ್ತಿಲ್ಲ, ಬಿಳಿ ಬಾಯಿ, ನೀರು, ನಾಲಿಗೆ ಎದ್ದಿದೆ, ಗಂಟಲು ಎದ್ದಿದೆ, ಕೈ ಏಳುತ್ತಿದೆ, ನಾನು ಎತ್ತಲಿಲ್ಲ, ಯಾರು ಎತ್ತಿದ್ದು, ನನ್ನದೇ ಕೈ, ನನ್ನದೇ ಉಂಗುರ, ಟಕ್, ಬೇಡ, ಒಂದಕ್ಕೆ ನಿಲ್ಲು, ಟಕ್, ರೈಟ್ ಪೋಯಿ, ಹೋಗುವಾ ಎಂದ ಭೋಜ ಅಳುತ್ತ ನಗುತ್ತ, ಬಿಳಿ ಬಾಯಿ ಬಗ್ಗಿತು, ಅಂಚಿನಲ್ಲಿ ನೀರು, ಬಿಳಿ ಬಾಯಿ, ಅಂಚಿನಲ್ಲಿ ನೀರು