ಹದಿನಾಲ್ಕನೇ ಪ್ಯಾರಾ

ಅಂದು ತನಿಖಾ ಸಮಿತಿಯ ಮುಂದೆ ದೇಶದ ಭವಿಷ್ಯಕ್ಕೇ ಸಂಬಂಧಿಸಿದಂತಿದ್ದ ಪ್ರಶ್ನೆಯೊಂದು ಬಂದಿತ್ತು: ಬಿಸ್ಕತ್ತು ಸಿಹಿಯದೋ, ಉಪ್ಪಿನದೋ? ಅಧ್ಯಕ್ಷರಿಗೆ ಸಕ್ಕರೆ ಕಾಯಿಲೆ, ವಿರೋಧ ಪಕ್ಷದ ನಾಯಕರಿಗೆ ರಕ್ತದೊತ್ತಡ. ಇಪ್ಪತ್ತು ನಿಮಿಷ ಚರ್ಚೆಯಾಗಿ ಎರಡೂ ಬಂದವು. ಆ ಹುರುಪಿನಲ್ಲೇ ಸಮಿತಿ ಗುಂಡುನಿರೋಧಕ ಕವಚಗಳ ಹಗರಣವನ್ನು ಕೈಗೆತ್ತಿಕೊಂಡಿತು.

ಆ ಕವಚ ತೊಟ್ಟಿದ್ದ ಹನ್ನೊಂದು ಮಂದಿ ಸೈನಿಕರು ಎದೆಗೇ ಗುಂಡು ತಗುಲಿ ಸತ್ತಿದ್ದರು. ಪರೀಕ್ಷೆ ಬೇಡವೆಂದು ಅಪ್ಪಣೆ ಕೊಟ್ಟವರು ರಕ್ಷಣಾ ಮಂತ್ರಿಗಳೇ, ಕವಚಗಳ ಎರಡನೇ ಕಂತನ್ನು ಕೂಡಲೇ ತಡೆಯಬೇಕು ಎಂದು ಕರಡು ವರದಿಯ ಹದಿನಾಲ್ಕನೇ ಪ್ಯಾರಾ ಹೇಳುತ್ತಿತ್ತು. ಅದನ್ನು ಬರೆದವರು ಆಳುವ ಪಕ್ಷದ ಸದಸ್ಯರೇ. ಮೂವತ್ತು ವರ್ಷ ಗಣಿತ ಕಲಿಸಿ ರಾಜಕೀಯಕ್ಕೆ ಬಂದಿದ್ದ ಮೇಷ್ಟ್ರು.

ಪಕ್ಷದ ಸಚೇತಕ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

"ಏನ್ ಮೇಷ್ಟ್ರೇ ಇದು, ಮನೆಯವರ ಮೇಲೇ ಚಾಡಿ?"

"ಆ ಕವಚದ ತೂತಲ್ಲಿ ನನ್ನ ಬೆರಳು ತೂರಿತು ಕಣಯ್ಯಾ."

"ನೀವ್ಯಾಕೆ ಬೆರಳು ತೂರಿಸೋಕೆ ಹೋದ್ರಿ? ನೋಡಿ, ದೇಶಕ್ಕೆ ನಮ್ಮ ಪಕ್ಷ ಬೇಕು. ಪಕ್ಷಕ್ಕೆ ಈ ಪ್ಯಾರಾ ಬೇಡ. ಲೆಕ್ಕದ ಮೇಷ್ಟ್ರು, ಉತ್ತರ ನೀವೇ ತೆಗೀರಿ. ಮುಂದಿನ ಸಲ ಟಿಕೆಟ್ ಬೇಕಲ್ಲ?"

ವಿರೋಧ ಪಕ್ಷದ ಐವರು ಹೇಗೂ ಕೂಗಾಡುತ್ತಾರೆಂದು ಮೇಷ್ಟ್ರಿಗೆ ಧೈರ್ಯವಿತ್ತು. ಆದರೆ ಕವಚ ಮಾಡಿದ ಕಂಪನಿಯನ್ನು ಮೊದಲು ಕರೆತಂದದ್ದು ಆ ಐವರ ಪಕ್ಷದ ಹಿಂದಿನ ಸರ್ಕಾರವೆಂದು ಒಂಬತ್ತನೇ ಪ್ಯಾರಾ ಹೇಳುತ್ತಿತ್ತು.

"ಒಂಬತ್ತು ಹೋಗೋದಾದ್ರೆ ಹದಿನಾಲ್ಕರ ಬಗ್ಗೆ ನಮ್ಮದೇನೂ ಹಟ ಇಲ್ಲಪ್ಪ," ಎಂದರು ಅವರ ನಾಯಕರು ಉದಾರವಾಗಿ, ಬಾಯಿ ಒರೆಸಿಕೊಳ್ಳುತ್ತ.

ಸಮಿತಿಯ ನಿಯಮ ಸರಳ. ಒಪ್ಪದವರು ಎದ್ದು ನಿಲ್ಲಬೇಕು. ಒಬ್ಬರೇ ನಿಂತರೂ ಸಾಕು, ಕೈಬಿಟ್ಟ ಪ್ಯಾರಾ ಭಿನ್ನಮತವಾಗಿ ವರದಿಯ ಜೊತೆ ಸದನಕ್ಕೆ ಹೋಗಲೇಬೇಕು. ಕೂತವರೆಲ್ಲ ಒಪ್ಪಿದ ಹಾಗೆ.

"ಒಂಬತ್ತು, ಹದಿನಾಲ್ಕು ಕೈಬಿಡೋಣ. ಯಾರಿಗಾದ್ರೂ ಆಕ್ಷೇಪ ಇದೆಯಾ?" ಅಧ್ಯಕ್ಷರು ಕೇಳಿದರು.

ಮೇಷ್ಟ್ರು ಮೇಜಿಗೆ ಕೈಯೂರಿ ಅರ್ಧ ಎದ್ದರು. ಹತ್ತು ಮುಖಗಳು ಅವರತ್ತ ತಿರುಗಿದವು.

"ಸೊಂಟ ಹಿಡ್ಕೊಂತಾ ಮೇಷ್ಟ್ರೇ?" ಸಚೇತಕ ಬಹಳ ಅಕ್ಕರೆಯಿಂದ ಕೇಳಿದ.

ಮೇಷ್ಟ್ರ ಒಂದು ಕೈ ಮೇಜಿನಿಂದ ಸೊಂಟಕ್ಕೆ ಹೋಯಿತು.

"ಹೌದಪ್ಪ... ಸ್ವಲ್ಪ," ಎಂದರು ಮೇಷ್ಟ್ರು.

"ಅಯ್ಯೋ, ಕೂತ್ಕೊಳ್ಳಿ ಕೂತ್ಕೊಳ್ಳಿ! ಯಾರಲ್ಲಿ, ಒಂದು ದಿಂಬು ತನ್ನಿ!"

ದಿಂಬು ಬಂತು. ವಿರೋಧ ಪಕ್ಷದ ನಾಯಕರೇ ಅದನ್ನು ಅವರ ಬೆನ್ನಿಗೆ ಇಟ್ಟರು.

ವರದಿ ಸರ್ವಾನುಮತದಿಂದ ಅಂಗೀಕಾರವಾಯಿತು. ಎರಡನೇ ಕಂತಿನ ನಲವತ್ತು ಸಾವಿರ ಕವಚಗಳು ಮುಂದಿನ ಸೋಮವಾರ ಗಡಿಗೆ ಹೋದವು.